ಕೆಲಸ ಕೊಟ್ಟವನೇ ಕೊಟ್ಟ ಕೋಣೆ

ಕಲಬುರಗಿ ಜಿಲ್ಲೆಯ ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಆಗಾಗ ಕಿಲ್ನ್, ಅಂದರೆ ಸುಣ್ಣದ ಕಲ್ಲು ಸುಡುವ ದೊಡ್ಡ ಕುಲುಮೆ, ನಿಲ್ಲಿಸಿ, ಅದರ ಒಳಮೈಗೆ ಹಾಸಿದ ಶಾಖ ತಡೆಯುವ ಇಟ್ಟಿಗೆಗಳನ್ನು ಕಿತ್ತು ಹೊಸದನ್ನು ಕೂಡಿಸುವ ಕೆಲಸ ನಡೆಯುತ್ತದೆ. ಊರಿನವರೆಲ್ಲ ಅದನ್ನು ಶಟ್‌ಡೌನ್ ಎನ್ನುತ್ತಾರೆ. ಆ ಕೆಲವೇ ವಾರಗಳಿಗಾಗಿ ಬಿಹಾರ, ಜಾರ್ಖಂಡ್, ಒಡಿಶಾಗಳಿಂದ ಇಟ್ಟಿಗೆ ಮೇಸ್ತ್ರಿಗಳು, ವೆಲ್ಡರ್‌ಗಳು, ಫಿಟ್ಟರ್‌ಗಳು ಮತ್ತು ಅವರ ಸಹಾಯಕರು ಗುಂಪುಗುಂಪಾಗಿ ಬಂದಿಳಿಯುತ್ತಾರೆ. ಇವರಿಗೆ ಮೂರು ವಾರದ ಮಟ್ಟಿಗೆ ಸೇಡಂನಲ್ಲಾಗಲಿ ಮಳಖೇಡದಲ್ಲಾಗಲಿ ಮನೆ ಬಾಡಿಗೆಗೆ ಕೊಡುವವರು ಯಾರೂ ಇಲ್ಲ. ಗುತ್ತೇದಾರ ಅಥವಾ ಕಂಪನಿ ಇವರ ವಸತಿಯ ಹೊಣೆ ಹೊರದೆ ಬೇರೆ ದಾರಿಯಿಲ್ಲ ಎಂಬುದು ಒಂದು ಗುತ್ತಿಗೆಯ ಟೈಂ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದ ನನಗೆ ಮೊದಲ ಹಂಗಾಮಿನಲ್ಲೇ ಮನದಟ್ಟಾಗಿತ್ತು. ಆದ್ದರಿಂದ ಉದ್ಯೋಗದಾತರು ವಸತಿ ಕೊಡುವುದೇ ತಪ್ಪು ಎಂದು ವಾದಿಸುವವರ ಜೊತೆ ನಾನಿಲ್ಲ. ಕೊಟ್ಟ ವಸತಿಯನ್ನು ಯಾವ ಷರತ್ತಿನ ಮೇಲೆ ಕೊಡಲಾಗುತ್ತದೆ ಎಂಬುದರ ಬಗ್ಗೆಯೇ ನನ್ನ ತಕರಾರು.

ವರ್ಷವಿಡೀ ಇರಲು ಬಂದವರಿಗೂ ಊರಿನಲ್ಲಿ ಮನೆ ಸಿಗುವುದು ಸುಲಭವಲ್ಲ. "ಫ್ಯಾಮಿಲಿ ಇದ್ರ ಹೇಳ್ರಿ, ಬ್ಯಾಚುಲರ್ ಮಂದಿಗಿ ಕೊಡಂಗಿಲ್ರಿ" ಎಂಬ ಮಾತು ಕಲಬುರಗಿಯ ಯಾವ ಬಡಾವಣೆಗೆ ಹೋದರೂ ಕೇಳಿಬರುತ್ತದೆ. ಅದಾದ ಮೇಲೆ ಯಾವ ಊರು, ಯಾವ ಮಂದಿ, ಏನು ಉಣ್ಣುತ್ತಾರೆ ಎಂಬ ವಿಚಾರಣೆ ಶುರುವಾಗುತ್ತದೆ. ಮುಂಗಡ ಕೊಡಲು ಕೈಯಲ್ಲಿ ಹಣವಿಲ್ಲದ, ಕನ್ನಡ ಬಾರದ, ಊರಿನಲ್ಲಿ ಪರಿಚಯದವರಿಲ್ಲದ ಇಪ್ಪತ್ತರ ಹುಡುಗನಿಗೆ ಈ ಯಾವ ಪರೀಕ್ಷೆಯನ್ನೂ ದಾಟಲಾಗುವುದಿಲ್ಲ. ಕಂಪನಿಯ ಕೋಣೆಯಾದರೆ ಅವನು ರೈಲಿನಿಂದ ಇಳಿದ ರಾತ್ರಿಯೇ ಮಲಗಲು ಜಾಗ ಕೊಡುತ್ತದೆ; ತನ್ನ ಜಿಲ್ಲೆಯ ನಾಲ್ಕು ಜನರ ನಡುವೆ ಅವನನ್ನು ಇರಿಸುತ್ತದೆ; ರಾತ್ರಿ ಪಾಳಿ ಮುಗಿಸಿ ಸುಣ್ಣದ ಕಲ್ಲಿನ ಟಿಪ್ಪರ್‌ಗಳೂ ಸಿಮೆಂಟ್ ಲಾರಿಗಳೂ ಓಡಾಡುವ ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಹೋಗುವ ಅಪಾಯವನ್ನೂ ತಪ್ಪಿಸುತ್ತದೆ. ಮನೆಗೆ ಕಳಿಸುವ ಹಣವೂ ಒಂದಷ್ಟು ಹೆಚ್ಚುತ್ತದೆ. ಇವೆಲ್ಲ ನಿಜವಾದ ಲಾಭಗಳೇ.

ವಸತಿಯನ್ನು ಯಾರೂ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ಕಬ್ಬಿನ ಹಂಗಾಮಿನಲ್ಲಿ ಬೀದರ್ ಜಿಲ್ಲೆಯ ಹೊಲಗಳ ಬದಿಯಲ್ಲಿ ಹಾದುಹೋಗಬೇಕು. ನೆರೆಯ ಮಹಾರಾಷ್ಟ್ರದಿಂದಲೂ ನಮ್ಮದೇ ತಾಂಡಾಗಳಿಂದಲೂ ಬರುವ ಕಬ್ಬು ಕಡಿಯುವ ಟೋಳಿಗಳು ಆಳುಗಳನ್ನು ಕೂಡಿಸುವ ಮುಕಾದಮನಿಂದ ಮೊದಲೇ ಉಚಲು, ಅಂದರೆ ಮುಂಗಡ ಸಾಲ, ಪಡೆದಿರುತ್ತವೆ. ಆ ಸಾಲ ತೀರುವವರೆಗೆ ಅವರು ಬಿಟ್ಟುಹೋಗುವಂತಿಲ್ಲ, ಆದರೆ ಅಲ್ಲಿಯವರೆಗೆ ಇರಲು ಅವರಿಗೆ ಸಿಗುವುದು ತಾವೇ ಬಿದಿರು, ಕಬ್ಬಿನ ಒಣ ಎಲೆ (ರವದಿ) ಮತ್ತು ತಾಡಪತ್ರಿಯಿಂದ ಕಟ್ಟಿಕೊಂಡ ಗುಡಿಸಲು ಮಾತ್ರ. ಬೆಳಕಿಲ್ಲ, ಶೌಚಾಲಯವಿಲ್ಲ, ಹಾವಿನ ಭಯ ಬೇರೆ. ಹೆಂಗಸರು ನಸುಕಿಗೂ ಮುಂಚೆ ಎದ್ದು ಕತ್ತಲಲ್ಲೇ ಸ್ನಾನ ಮುಗಿಸಬೇಕು. ಸಾಲದ ಹಿಡಿತ ಪೂರ್ತಿಯಾಗಿ ಮಾಲೀಕನ ಕಡೆಗೆ, ವಸತಿಯ ಹೊಣೆ ಪೂರ್ತಿಯಾಗಿ ಕೂಲಿಯ ಹೆಗಲಿಗೆ. ಇದಕ್ಕೆ ಹೋಲಿಸಿದರೆ ಸಿಮೆಂಟ್ ಊರುಗಳ ಲೇಬರ್ ಕಾಲೋನಿ ಎಷ್ಟೋ ವಾಸಿ.

ಹಾಗೆಂದು ಆ ಕಾಲೋನಿಯನ್ನು ಹೊಗಳಲಾಗದು. ನಾನು ಹಾಜರಿ ಪುಸ್ತಕ ಹಿಡಿದು ಹೋಗುತ್ತಿದ್ದ ಸಾಲಿನಲ್ಲಿ ಒಂದೊಂದು ಕೋಣೆಯೂ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಒಳಗೆ ಎರಡಂತಸ್ತಿನ ಕಬ್ಬಿಣದ ಮಂಚಗಳು ನಾಲ್ಕು, ಮಲಗುವವರು ಎಂಟು ಜನ. ಬಾಗಿಲ ಪಕ್ಕದ ಒಂದೇ ಒಂದು ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ, ಅದಕ್ಕೆ ಇನ್ನೊಂದು ಬೋರ್ಡು ಜೋಡಿಸಿ, ಎಂಟೂ ಫೋನುಗಳನ್ನು ಚಾರ್ಜಿಗೆ ಹಾಕಿರುತ್ತಿದ್ದರು. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುವುದರಿಂದ ಕೆಲವು ಕೋಣೆಗಳ ನಿಜವಾದ ಸಂಖ್ಯೆ ಎಂಟಕ್ಕಿಂತಲೂ ಹೆಚ್ಚು. ಮೂಲೆಯಲ್ಲಿ ಐದು ಕೆ.ಜಿ.ಯ ಸಣ್ಣ ಸಿಲಿಂಡರ್, ಅದರ ಮೇಲೆಯೇ ಒಲೆ, ಒಲೆಯ ಮೇಲ್ಗಡೆ ಒಣಹಾಕಿದ ಬಟ್ಟೆ.

ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 1980ರಲ್ಲಿ ಮಾಡಿದ ನಿಯಮಗಳು ಈ ವಿಷಯದಲ್ಲಿ ಅಚ್ಚರಿ ಹುಟ್ಟಿಸುವಷ್ಟು ಸ್ಪಷ್ಟವಾಗಿದ್ದವು. ಒಂಟಿಯಾಗಿ ಬಂದ ಕಾರ್ಮಿಕರಿಗೆ ಒಂದು ಬ್ಯಾರಕ್ಕಿನಲ್ಲಿ ಹತ್ತಕ್ಕಿಂತ ಹೆಚ್ಚು ಜನರಿರಬಾರದು, ತಲೆಗೆ ಕನಿಷ್ಠ 6.5 ಚದರ ಮೀಟರ್ ನೆಲ ಸಿಗಬೇಕು, ಅಡುಗೆಗೆ ಪ್ರತ್ಯೇಕ ಮುಚ್ಚಿದ ಜಾಗವಿರಬೇಕು, ಹತ್ತು ಜನರಿಗೊಂದು ಶೌಚಾಲಯ ಮತ್ತು ಸ್ನಾನದ ಮನೆ ಇರಬೇಕು. ಕುಟುಂಬ ಸಮೇತ ಬಂದವರಿಗೆ 10 ಚದರ ಮೀಟರಿನ ಕೋಣೆ ಮತ್ತು ಪಡಸಾಲೆ. ಆರೂವರೆ ಚದರ ಮೀಟರ್ ಎಂದರೆ ಸುಮಾರು ಎಪ್ಪತ್ತು ಚದರ ಅಡಿ. ನೂರಿಪ್ಪತ್ತು ಚದರ ಅಡಿಯ ನಮ್ಮ ಕೋಣೆಗೆ ಈ ಅಳತೆ ಹಿಡಿದರೆ ಅಲ್ಲಿ ಇಬ್ಬರೂ ಪೂರ್ತಿ ಹಿಡಿಸುವುದಿಲ್ಲ. ನಿಯಮ ಮಾಡಿದವರು ಯಾವ ಊರಿನ ಕೋಣೆಯನ್ನು ಕಣ್ಣ ಮುಂದಿಟ್ಟುಕೊಂಡಿದ್ದರೋ ನನಗೆ ತಿಳಿಯದು.

ಅಳತೆಯ ಜೊತೆಗೆ ಬಿಸಿಲನ್ನೂ ಸೇರಿಸಿಕೊಳ್ಳಬೇಕು. ಶಹಾಬಾದ್, ವಾಡಿ ಕಡೆಯ ಹಳೆಯ ಮನೆಗಳು ಗೋಡೆಗೂ ಮಾಳಿಗೆಗೂ ಫರಸಿ ಕಲ್ಲು ಬಳಸಿ ಕಟ್ಟಿದವು. ಹಗಲೆಲ್ಲ ಕುಡಿದ ಬಿಸಿಲನ್ನು ಅವು ರಾತ್ರಿ ಹೊರಗೆ ಬಿಟ್ಟರೂ, ಅಂಗಳದಲ್ಲಿ ಮಲಗುವ ಅನುಕೂಲ ಇದ್ದೇ ಇರುತ್ತಿತ್ತು. ಲೇಬರ್ ಶೆಡ್ಡಿನ ತಗಡಿಗೆ ಅಂಗಳವೂ ಇಲ್ಲ. ಪಾರಾ 43, 44 ಡಿಗ್ರಿ ತಲುಪುವ ಏಪ್ರಿಲ್-ಮೇ ತಿಂಗಳುಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಹನ್ನೊಂದಕ್ಕೆ ಅದರೊಳಗೆ ನಿದ್ದೆ ಮಾಡಬೇಕು. ನಿದ್ದೆ ಕೆಟ್ಟವನು ಮರುದಿನ ಎತ್ತರದ ಅಟ್ಟಣಿಗೆಯ ಮೇಲೆ ನಿಂತು ಕೆಲಸ ಮಾಡುತ್ತಾನೆ ಎಂಬುದನ್ನು ಸುರಕ್ಷತಾ ಸಪ್ತಾಹದ ಯಾವ ಫಲಕವೂ ಬರೆಯುವುದಿಲ್ಲ. ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳ ದುರ್ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರುತ್ತಲೇ ಬಂದಿದ್ದಾರೆ. ಘಟಕದ ಮಗ್ಗುಲಲ್ಲೇ ವಸತಿ ಪಡೆದ ಕಾರ್ಮಿಕನಿಗಂತೂ ಕೆಲಸದ ಎಂಟು ತಾಸು, ನಿದ್ದೆಯ ಎಂಟು ತಾಸು, ಎರಡರಲ್ಲೂ ಒಂದೇ ಗಾಳಿ.

ಇಷ್ಟಾದರೂ ಕೋಣೆಯ ಇಕ್ಕಟ್ಟನ್ನು ನಾನು ಎರಡನೆಯ ದೋಷವೆಂದೇ ಎಣಿಸುತ್ತೇನೆ. ಮೊದಲನೆಯದು, ಕೆಲಸ ಹೋದ ಗಳಿಗೆಯಲ್ಲೇ ಸೂರೂ ಹೋಗುತ್ತದೆ ಎಂಬುದು. ಸೂಪರ್‌ವೈಸರ್ ಜೊತೆ ಓವರ್‌ಟೈಮ್ ಲೆಕ್ಕದ ಬಗ್ಗೆ ಜಗಳವಾದ ಒಬ್ಬ ವೆಲ್ಡರನ ಗೇಟ್ ಪಾಸನ್ನು ಮಧ್ಯಾಹ್ನ ಕಸಿದುಕೊಂಡದ್ದನ್ನೂ, ಸಂಜೆ ಐದರ ಹೊತ್ತಿಗೆ ಅವನ ಟ್ರಂಕು, ಹಾಸಿಗೆ ಸುತ್ತು ಮತ್ತು ಸಾಸಿವೆ ಎಣ್ಣೆಯ ಡಬ್ಬಿ ಕಾಲೋನಿಯ ಗೇಟಿನ ಹೊರಗೆ ಇದ್ದದ್ದನ್ನೂ ನಾನು ಕಂಡಿದ್ದೇನೆ. ಅವನ ಲೆಕ್ಕ ಚುಕ್ತಾ ಆಗಲು ಇನ್ನೂ ಕೆಲವು ದಿನಗಳಿದ್ದವು, ಆ ದಿನಗಳನ್ನು ಅವನು ಎಲ್ಲಿ ಕಳೆಯಬೇಕೆಂದು ಯಾರೂ ಕೇಳಲಿಲ್ಲ. ಬಾಕಿ ಕೂಲಿಗಾಗಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬೇಕಾದವನು ಮೊದಲು ಅದೇ ಊರಿನಲ್ಲಿ ಉಳಿಯಬೇಕು. ಉಳಿಯಲು ಸೂರೇ ಇಲ್ಲದವನು ರೈಲು ಹತ್ತುತ್ತಾನೆ, ಅರ್ಜಿಯ ಮಾತು ಅಲ್ಲಿಗೇ ಮುಗಿಯುತ್ತದೆ. ಅದಾದ ಮೇಲೆ ಆ ಸಾಲಿನಲ್ಲಿ ಓವರ್‌ಟೈಮ್ ಬಗ್ಗೆ ಯಾರೂ ದನಿಯೆತ್ತಲಿಲ್ಲ. ಸಂಬಳ ಕಡಿಮೆಯಾದರೆ ಮನುಷ್ಯ ವಾದಿಸಿಯಾನು, ಮಲಗುವ ಜಾಗವೇ ಪಣಕ್ಕಿದ್ದರೆ ಬಾಯಿ ಮುಚ್ಚುತ್ತಾನೆ.

ಇದೇ ಕಾರ್ಖಾನೆಗಳ ಗೋಡೆಯೊಳಗಿನ ಕ್ವಾರ್ಟರ್ಸುಗಳ ಕಥೆ ಬೇರೆ. ಕಾಯಂ ನೌಕರರಿಗಾಗಿ ಕಟ್ಟಿದ ವಾಡಿ, ಶಹಾಬಾದ್, ಮಳಖೇಡದ ಹಳೆಯ ಕಾಲೋನಿಗಳಲ್ಲಿ ಶಾಲೆ, ಆಸ್ಪತ್ರೆ, ಗುಡಿ ಎಲ್ಲ ಇದ್ದವು, ಮನೆ ಹಂಚಿಕೆಯ ಆದೇಶ ಲಿಖಿತವಾಗಿರುತ್ತಿತ್ತು, ನಿವೃತ್ತಿಯಾದ ಮೇಲೂ ಮನೆ ಖಾಲಿ ಮಾಡಲು ಗಡುವು ಸಿಗುತ್ತಿತ್ತು. ಅಂದರೆ ಉದ್ಯೋಗದಾತನ ವಸತಿಯನ್ನು ಮರ್ಯಾದೆಯಿಂದ ಕೊಡುವ ಪದ್ಧತಿ ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. ಗುತ್ತಿಗೆ ಪದ್ಧತಿ ಬಲಿತಂತೆಲ್ಲ ಕಾಗದವೂ ಗಡುವೂ ಇಲ್ಲದ ಎರಡನೆಯ ದರ್ಜೆಯ ವಸತಿಯೊಂದು ಗೋಡೆಯಾಚೆ ಬೆಳೆಯಿತು.

ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆ ಸಹಜ. 1979ರ ಕಾಯ್ದೆ ತಕ್ಕ ವಸತಿ ಒದಗಿಸುವ ಹೊಣೆಯನ್ನು ಗುತ್ತೇದಾರನ ಮೇಲೆ ಹೊರಿಸಿತ್ತು, ಅವನು ತಪ್ಪಿದರೆ ಮುಖ್ಯ ಮಾಲೀಕನೇ ಅದನ್ನು ಹೊರಬೇಕೆಂದೂ ಹೇಳಿತ್ತು. ಆದರೆ ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಬೀದರಿನಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಜಹೀರಾಬಾದಿಗೆ ಗುತ್ತೇದಾರನ ಮೂಲಕ ಹೋದವನು ಅಂತರರಾಜ್ಯ ವಲಸೆಗಾರ. ಚಿಂಚೋಳಿಯ ತಾಂಡಾದಿಂದ ಐನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿಗೆ ಗುಳೆ ಹೋದವನು ಕಾಯ್ದೆಯ ಕಣ್ಣಿಗೆ ವಲಸೆಗಾರನೇ ಅಲ್ಲ. ಈಗ ಆ ಕಾಯ್ದೆಯೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಹಳೆಯ ಕಾಯ್ದೆ ಐದು ವಲಸೆ ಕಾರ್ಮಿಕರಿದ್ದರೂ ಅನ್ವಯಿಸುತ್ತಿತ್ತು, ಹೊಸದರಲ್ಲಿ ಆ ಮಿತಿ ಹತ್ತಕ್ಕೇರಿದೆ, ಮತ್ತು ಅಂತರರಾಜ್ಯ ವಲಸೆಗಾರರ ಸೌಲಭ್ಯಗಳನ್ನು ಹೇಳುವ ಕಲಮಿನಲ್ಲಿ ವಸತಿಯ ಮಾತು ಮೊದಲಿನಷ್ಟು ನೇರವಾಗಿ ಉಳಿದಿಲ್ಲ.

ನಮ್ಮವರು ಹೊರಗೆ ಹೋದಾಗ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಬೆಂಗಳೂರು, ಹೈದರಾಬಾದ್, ಪುಣೆಗಳ ಕಟ್ಟಡ ಕೆಲಸಕ್ಕೆ ಹೋದ ಕಲಬುರಗಿ-ಯಾದಗಿರಿಯ ಕುಟುಂಬಗಳು ಇರುವುದು ಬಿಲ್ಡರ್ ಕಟ್ಟಿಸಿದ ತಗಡಿನ ಶೆಡ್ಡುಗಳಲ್ಲಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ ಆ ವಸತಿ ಉಚಿತವಾಗಿರಬೇಕಿತ್ತು, ಅಡುಗೆ, ಸ್ನಾನ, ಶೌಚಕ್ಕೆ ಪ್ರತ್ಯೇಕ ವ್ಯವಸ್ಥೆ ಇರಬೇಕಿತ್ತು. 2020ರ ಲಾಕ್‌ಡೌನಿನಲ್ಲಿ ಇಂಥ ಶೆಡ್ಡುಗಳ ಎರಡು ಮುಖಗಳೂ ಕಂಡವು. ಕೆಲಸ ನಿಂತರೂ ತಲೆಯ ಮೇಲೆ ತಗಡಾದರೂ ಇತ್ತು, ಕೆಲವೆಡೆ ಅಕ್ಕಿ ಬೇಳೆಯೂ ಬಂತು. ಆದರೆ ಮೇ ಮೊದಲ ವಾರದಲ್ಲಿ ಬಿಲ್ಡರುಗಳ ಜೊತೆಗಿನ ಮುಖ್ಯಮಂತ್ರಿಗಳ ಸಭೆಯ ಬೆನ್ನಲ್ಲೇ ಹೊರರಾಜ್ಯದ ಕಾರ್ಮಿಕರನ್ನು ಊರಿಗೊಯ್ಯಬೇಕಿದ್ದ ಶ್ರಮಿಕ್ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿಸಿತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಬಿಟ್ಟಿತು. ಕಾರ್ಮಿಕರನ್ನು ಒಂದೇ ಜಾಗದಲ್ಲಿ ಇರಿಸಿಕೊಂಡಿದ್ದರೆ ಅವರನ್ನು ತಡೆದಿಡುವುದೂ ಎಷ್ಟು ಸಲೀಸು ಎಂಬುದು ಆ ದಿನಗಳಲ್ಲಿ ಗೊತ್ತಾಯಿತು.

ಗಲ್ಫಿನ ಮಾತು ಇನ್ನೂ ಕಠಿಣ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫಿನಲ್ಲಿ ಕಂಪನಿಯೊಂದು ತನ್ನ ಕಾರ್ಮಿಕರನ್ನು ಇರಿಸಿದ್ದ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸತ್ತವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಭಾರತೀಯರು, ಅವರಲ್ಲೊಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಕೋಣೆಗಳನ್ನು ಬೇಗ ಹೊತ್ತಿಕೊಳ್ಳುವ ಹಲಗೆಗಳಿಂದ ಒಡೆದು ಇನ್ನಷ್ಟು ಜನರಿಗೆ ಜಾಗ ಮಾಡಲಾಗಿತ್ತು, ಮಾಳಿಗೆಯ ಬಾಗಿಲಿಗೆ ಬೀಗ ಹಾಕಲಾಗಿತ್ತು. ಬೋರ್ಡಿಗೆ ಬೋರ್ಡು ಜೋಡಿಸಿದ, ಒಲೆಯ ಮೇಲೆ ಬಟ್ಟೆ ತೂಗುವ ನಮ್ಮ ಕೋಣೆಗಳಿಗೂ ಆ ಕಟ್ಟಡಕ್ಕೂ ಇರುವ ಅಂತರ ಮಹಡಿಗಳ ಲೆಕ್ಕದಲ್ಲಿ ಮಾತ್ರ.

ಸ್ಥಳೀಯರು ಈ ವಸತಿಯಿಂದ ಕಳೆದುಕೊಳ್ಳುವುದರ ಬಗ್ಗೆ ಹೆಚ್ಚು ಚರ್ಚೆ ಆಗಿಲ್ಲ. "ನಮ್ಮ ಭೂಮಿ ಹೋಯ್ತು, ನೌಕರಿ ಹೊರಗಿನವರಿಗೆ ಹೋಯ್ತು" ಎಂದು ನಮ್ಮ ಹುಡುಗರು ಹೇಳುವಾಗ ಸಿಟ್ಟು ಬಿಹಾರದವರ ಮೇಲೆ ತಿರುಗುತ್ತದೆ. ಗುತ್ತೇದಾರರು ಹೊರಗಿನವರನ್ನು ಬಯಸಲು ಕೌಶಲವೊಂದೇ ಕಾರಣವಲ್ಲ. ಊರಿನ ಹುಡುಗ ಪಾಳಿ ಮುಗಿದರೆ ಮನೆಗೆ ಹೋಗುತ್ತಾನೆ, ತೊಗರಿ ರಾಶಿಗೆ ರಜೆ ಕೇಳುತ್ತಾನೆ, ಜಾತ್ರೆಯ ದಿನ ಕೆಲಸಕ್ಕೆ ಬರುವುದಿಲ್ಲ ಎನ್ನುತ್ತಾನೆ. ಕಾಲೋನಿಯಲ್ಲಿ ಮಲಗಿದವನನ್ನು ರಾತ್ರಿ ಎರಡಕ್ಕೂ ಬಾಗಿಲು ತಟ್ಟಿ ಎಬ್ಬಿಸಬಹುದು. ಬಾಗಿಲು ತಟ್ಟುವ ಈ ಹಕ್ಕಿಗೆ ಕಡಿವಾಣ ಬಿದ್ದರೆ ಹೊರಗಿನವನಿಗೆ ನಿದ್ದೆ ಸಿಗುತ್ತದೆ, ಊರಿನವನಿಗೂ ಕೆಲಸಕ್ಕೆ ಸ್ಪರ್ಧಿಸುವ ಅವಕಾಶ ಸಿಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಕೋಣೆ ಕೊಟ್ಟಾಗ ವಿಳಾಸವೂ ಕಡಿತದ ಮೊತ್ತವೂ ಇರುವ ಒಂದು ಚೀಟಿ ಕೊಡಲಿ, ಕೆಲಸದಿಂದ ತೆಗೆದರೂ ಲೆಕ್ಕ ಚುಕ್ತಾ ಆಗಿ ಒಂದು ತಿಂಗಳಾಗುವವರೆಗೆ ಸೂರಿನಿಂದ ತೆಗೆಯದಿರಲಿ, ಕೋಣೆಯ ಕೀಲಿ ಕೆಲಸ ಹಂಚುವ ಸೂಪರ್‌ವೈಸರ್ ಕೈಯಲ್ಲಿ ಇರದಿರಲಿ. ಕೋವಿಡ್ ಕಾಲದಲ್ಲಿ ಕೇಂದ್ರ ಘೋಷಿಸಿದ ಅಗ್ಗದ ಬಾಡಿಗೆ ವಸತಿ ಯೋಜನೆಯ ಮಾದರಿಯಲ್ಲಿ ನಗರಸಭೆ, ಪುರಸಭೆಗಳೇ ಕೈಗಾರಿಕಾ ಊರುಗಳಲ್ಲಿ ಬಾಡಿಗೆ ಕೋಣೆ ಕಟ್ಟಿದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕಾಗಿ ಕಾಯುತ್ತ ಇದನ್ನು ಮುಂದೂಡಬೇಕಿಲ್ಲ.

ಒಂದು ತಿಂಗಳ ಖರ್ಚು ಯಾರು ಹೊರಬೇಕು ಎಂದು ಗುತ್ತೇದಾರರು ಕೇಳುತ್ತಾರೆ. ನಾನು ಬರೆಯುತ್ತಿದ್ದ ಸಂಬಳ ಪಟ್ಟಿಯಲ್ಲಿ ರೂಮಿನ ಹೆಸರಿನಲ್ಲಿ ತಲೆಗೆ 700 ರೂಪಾಯಿ ಕಡಿತವಾಗುತ್ತಿತ್ತು, ಎಂಟು ಜನರಿಗೆ 5,600. ಆ ಕೋಣೆಗೆ ಗುತ್ತೇದಾರ ಊರಿನ ಮಾಲೀಕನಿಗೆ ಕೊಡುತ್ತಿದ್ದದ್ದು 3,500. ವಸತಿಗಾಗಿ ಮಾಡುವ ಕಡಿತ ಆ ವಸತಿಯ ಬೆಲೆಯನ್ನು ಮೀರಬಾರದೆಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ಪ್ರತಿ ತಿಂಗಳು ಪ್ರತಿ ಕೋಣೆಯಿಂದ ಹೀಗೆ ಮಿಗುತ್ತಿದ್ದ 2,100 ರೂಪಾಯಿಯಲ್ಲಿ, ಕೆಲಸ ಕಳೆದುಕೊಂಡ ಮೂವರ ಒಂದು ತಿಂಗಳ ಬಾಡಿಗೆ ಅವರದೇ ದರದಲ್ಲಿ ಸರಿಯಾಗಿ ಸಂದುಹೋಗುತ್ತಿತ್ತು.