ಫಲಾವಳಿ ಚೌಕಟ್ಟಿನಲ್ಲಿ ತೂಗುವ ಕಾರ್ಡುಗಳು

12 ಜನವರಿ 2025, ರವಿವಾರ
ಕಾರವಾರ

ಬೆಳಿಗ್ಗೆ ಬೇಗ ಸಂತೆಗೆ ಹೋಗಿ ಬಂದೆ. ಸಂಕ್ರಾಂತಿಗೆ ಇನ್ನು ಎರಡೇ ದಿನ. ಎಳ್ಳು, ಬೆಲ್ಲ, ಕಾಲು ಕಿಲೋ ಸಂಕ್ರಾಂತಿ ಕಾಳು. ಇಷ್ಟು ಪ್ರತಿ ವರ್ಷದ್ದು. ಈ ಸಲ ಜಾಸ್ತಿ ತಂದಿದ್ದು ಬಟ್ಟೆ ಒಣಗಿಸುವಾಗ ಸಿಕ್ಕಿಸುವ ಮರದ ಕ್ಲಿಪ್ಪು ಐದು ಡಜನ್, ಹತ್ತಿ ದಾರದ ಎರಡು ಉಂಡೆ. ಎಲ್ಲ ಕಾರ್ಡುಗಳಿಗಾಗಿ.

ಹೋದ ವಾರ ಶಿರಸಿ ಹತ್ತಿರದ ನನ್ನ ತವರುಮನೆಯಲ್ಲಿ ಹಂಚು ಕೈಯಾಡಿಸುವ ಕೆಲಸ ಶುರುವಾಯಿತು. ಮನೆಯೆಲ್ಲ ಧೂಳು. ಹಾಗಾಗಿ ಆಯಿ, ಅಂದರೆ ನನ್ನ ಅಮ್ಮ, ಇಪ್ಪತ್ತು ದಿನಕ್ಕೆ ಅಂತ ನಮ್ಮನೆಗೆ ಬಂದಳು. ಬರುವಾಗ ಅಟ್ಟದಿಂದ ಇಳಿಸಿದ ಒಂದು ಕಬ್ಬಿಣದ ಟ್ರಂಕನ್ನೂ ತಂದಳು. ಅದರ ತುಂಬ ಗ್ರೀಟಿಂಗ್ ಕಾರ್ಡುಗಳು. ನಾನು ಧಾರವಾಡದ ಹಾಸ್ಟೆಲಿನಿಂದ ಮನೆಗೆ ಕಳಿಸಿದವು, ಅಕ್ಕ ಮದುವೆಯಾಗಿ ಹೋದಮೇಲೆ ಹಾಕಿದವು, ಅಪ್ಪನ ಜೊತೆ ಶಾಲೆಯಲ್ಲಿ ಕೆಲಸ ಮಾಡಿದ ಮಾಸ್ತರರು ವರ್ಷ ತಪ್ಪದೆ ಬರೆದವು. ಲಕೋಟೆಯ ಮೂಲೆಯಲ್ಲಿ 'ಬುಕ್ ಪೋಸ್ಟ್' ಅಂತ ಬರೆದು, ಬಾಯಿ ಅಂಟಿಸದೆ ಸುಮ್ನೆ ಒಳಗೆ ಮಡಚಿದವೇ ಜಾಸ್ತಿ. ಹಾಗೆ ಕಳಿಸಿದರೆ ಅಂಚೆ ಖರ್ಚು ಕಡಿಮೆ ಬೀಳುತ್ತಿತ್ತು.

ಎಣಿಸಿದೆ. 163 ಇದ್ದವು. ಅದರಲ್ಲಿ 41 ಕೆಟ್ಟು ಹೋಗಿವೆ.

ಹೇಗೆ ಕೆಟ್ಟವು ಅಂತ ಒಂದೊಂದನ್ನೂ ನೋಡಿದೆ. ಒಂದು ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೇ ಅಂಟಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದವು ಎಲ್ಲಕ್ಕಿಂತ ಹಾಳು. ಒಳಗೇ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿದಿತ್ತು. ಸ್ಟೇಪಲ್ ಪಿನ್ನಿನ ಸುತ್ತ ತುಕ್ಕಿನ ಕಂದು ವರ್ತುಲ. ತೆರೆದರೆ ಹಾಡುವ ಒಂದು ಕಾರ್ಡಿತ್ತು. ಅದರ ಸಣ್ಣ ಸೆಲ್ಲು ಸೋರಿ, ಪಕ್ಕದ ನಾಲ್ಕು ಕಾರ್ಡುಗಳಿಗೂ ಹಸಿರು ಕಲೆ ಹತ್ತಿತ್ತು. ಅಂಥ ಕಾರ್ಡು ನಿಮ್ಮಲ್ಲಿದ್ದರೆ ದಯವಿಟ್ಟು ಇವತ್ತೇ ಸೆಲ್ಲು ತೆಗೆದುಬಿಡಿ.

ನಮ್ಮ ಜಿಲ್ಲೆಯ ಮಳೆ ಗೊತ್ತಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಘಟ್ಟದ ಮೇಲೂ ಗೋಡೆ ಬೆವರುತ್ತದೆ. ಮುಚ್ಚಿಟ್ಟ ಕಾಗದ ಅಲ್ಲಿ ಬಾಳುವುದಿಲ್ಲ. ಗಾಳಿ ಆಡಬೇಕು, ಕೈ ಆಡಬೇಕು. ಹಾಗಾದರೆ ಇವನ್ನು ಕಣ್ಣೆದುರು ಇಡುವುದೇ ಸರಿ ಅನ್ನಿಸಿತು.

ಕಣ್ಣೆದುರು ಇಡುವುದು ಹೇಗೆ ಅನ್ನೋದೇ ಪ್ರಶ್ನೆ. ಹಿಂದೆ ಒಮ್ಮೆ ಮಾಡಲು ಹೋಗಿ ದೊಡ್ಡ ನಷ್ಟ ಆಗಿದೆ. ಅದನ್ನು ಇಲ್ಲಿ ಬರೆದಿಡುತ್ತೇನೆ.

1991ರ ಯುಗಾದಿಗೆ ಅಪ್ಪ ನನ್ನ ಹಾಸ್ಟೆಲಿಗೆ ಒಂದು ಕಾರ್ಡು ಕಳಿಸಿದ್ದರು. ಮೇಲೆ ಮಾವಿನ ತೋರಣದ ಚಿತ್ರ, ಒಳಗೆ ಅವರ ಗುಂಡಗಿನ ಅಕ್ಷರದಲ್ಲಿ ಹತ್ತು ಹನ್ನೆರಡು ಸಾಲು. ಅಪ್ಪ ತೀರಿಕೊಂಡ ವರ್ಷ ಅದಕ್ಕೆ ಕಟ್ಟು ಹಾಕಿಸಿದೆ. ಅಂಗಡಿಯವರು ಕಾರ್ಡನ್ನು ಹಿಂದಿನ ರಟ್ಟಿಗೆ ಅಂಟು ಹಚ್ಚಿ ಅಂಟಿಸಿದರು. ಗಾಜನ್ನು ನೇರವಾಗಿ ಚಿತ್ರದ ಮೇಲೇ ಒತ್ತಿದರು. ನನಗೂ ಆಗ ತಿಳಿದಿರಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣ ಗಾಜಿಗೆ ಹತ್ತಿಕೊಂಡಿತು. ಬಿಡಿಸಲು ಹೋದಾಗ ಅರ್ಧ ಮಾವಿನೆಲೆ ಗಾಜಿನ ಜೊತೆಗೇ ಬಂತು. ಚಿತ್ರ ಹೋದದ್ದಕ್ಕೆ ನಾನು ಅತ್ತಿಲ್ಲ. ಒಳಗಿನ ಸಾಲುಗಳು ಅಂಟಿನಲ್ಲಿ ಮುಚ್ಚಿಹೋದವು. ಮೊದಲ ಎರಡು ಸಾಲು ನೆನಪಿದೆ, ಉಳಿದದ್ದು ಇಲ್ಲ. ಅಷ್ಟು ವರ್ಷ ಗೋಡೆಯ ಮೇಲೆ ಅದನ್ನು ದಿನಾ ನೋಡಿದೆ, ಓದಲಿಲ್ಲ.

ಕಟ್ಟು ಹಾಕಿಸಲೇಬೇಕು ಅಂತಿದ್ದರೆ ಗಾಜಿಗೂ ಕಾಗದಕ್ಕೂ ನಡುವೆ ಸುತ್ತ ಮೌಂಟ್ ರಟ್ಟು ಕೇಳಿ ಹಾಕಿಸಿ. ಆ ಸಣ್ಣ ಸಂದು ಇದ್ದರೆ ಅಂಟುವುದಿಲ್ಲ. ಗಮ್ಮು ಬೇಡ ಅಂತ ಬಾಯಿಬಿಟ್ಟು ಹೇಳಿ. ಸೆಲ್ಲೋ ಟೇಪೂ ಬೇಡ, ಅದು ಹಳದಿಯಾಗಿ ಅಂಟು ಬಿಡುತ್ತದೆ. ನಾನಂತೂ ಇನ್ನು ಕಟ್ಟು ಹಾಕಿಸುವುದಿಲ್ಲ. ನನಗೆ ಬೇಕಾದದ್ದು ಕಾರ್ಡಿನ ಒಳಗಿನ ಅಕ್ಷರ. ಚಿತ್ರ ಆಮೇಲೆ.

ಒಂದು ವಿಷಯ ಓದಿ ಖುಷಿಯಾಯಿತು. ವ್ಯಾಪಾರಕ್ಕೆಂದು ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡು 1843ರ ಲಂಡನ್ನಿನದು. ಹೆನ್ರಿ ಕೋಲ್ ಎಂಬವರಿಗೆ ಬಂದ ಪತ್ರಗಳಿಗೆಲ್ಲ ಕೂತು ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಗೆಳೆಯ ಜಾನ್ ಹಾರ್ಸ್ಲಿ ಅವರಿಂದ ಚಿತ್ರ ಬರೆಸಿ ಸುಮಾರು 1000 ಪ್ರತಿ ಅಚ್ಚು ಹಾಕಿಸಿದರು. ಒಂದಕ್ಕೆ ಒಂದು ಶಿಲ್ಲಿಂಗ್. ಆ ಕಾರ್ಡಿಗೆ ಮಡಿಕೆಯೇ ಇರಲಿಲ್ಲ. ಒಂದೇ ರಟ್ಟಿನ ಮೇಲೆ ಚಿತ್ರ, ಅಲ್ಲೇ ಯಾರಿಗೆ, ಯಾರಿಂದ ಅಂತ ಬರೆಯಲು ಜಾಗ. ಎಲ್ಲಿ ಇಟ್ಟರೂ ಬರೆದವರ ಕೈ ಕಾಣುತ್ತದೆ. ಮಡಿಕೆ ಬಂದಮೇಲೆ ಅಕ್ಷರ ಒಳಗೆ ಹೋಯಿತು, ಅಲ್ವಾ? ನಾವೂ ಚಿತ್ರವನ್ನೇ ಮುಂದೆ ಮಾಡಿ ಷೋಕೇಸಿನಲ್ಲಿ ನಿಲ್ಲಿಸುತ್ತ ಬಂದೆವು.

ಹಾಗಾಗಿ ಈ ವಾರವೆಲ್ಲ ನಾನು ಹುಡುಕಿದ್ದು ಎರಡೂ ಮುಖ ಕಾಣುವ ದಾರಿ.

ಮೊದಲು ಬಲೆ. ಪಕ್ಕದ ಮನೆಯ ಅಕ್ಕ ಒಂದು ಹಳೇ ಮೀನು ಬಲೆಯ ತುಂಡು ಕೊಟ್ಟರು. ಸಿಹಿನೀರಿನಲ್ಲಿ ಎರಡು ದಿನ ನೆನೆಸಿ, ಮೂರು ಸಲ ತೊಳೆದು ಒಣಗಿಸಿದೆ. ಉಪ್ಪು ಉಳಿದರೆ ಬಲೆ ತೇವ ಎಳೆಯುತ್ತಲೇ ಇರುತ್ತದೆ. ಜಗಲಿಯ ಗೋಡೆಗೆ ಇಳಿಬಿಟ್ಟು ಕ್ಲಿಪ್ಪಿನಿಂದ ಕಾರ್ಡು ಸಿಕ್ಕಿಸಿದರೆ ನೋಡಲು ಬಹಳ ಚಂದ. ಆದರೆ ಗೋಡೆ ಕಡೆಯ ಮುಖ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಒಳಗೆ ಬರೀ ಹೆಸರು ಬರೆದ ಕಾರ್ಡುಗಳನ್ನು ಹಾಕಿದೆ. ಅದರಲ್ಲೊಂದು ಯುನಿಸೆಫ್ ಕಾರ್ಡು. ಅವರ ಮೊದಲ ಕಾರ್ಡಿನ ಚಿತ್ರ ಬರೆದವಳು ಚೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ, 1949ರಲ್ಲಿ. ಯುದ್ಧ ಮುಗಿದಮೇಲೆ ತನ್ನ ಊರಿಗೆ ಸಿಕ್ಕ ನೆರವಿಗೆ ಥ್ಯಾಂಕ್ಸ್ ಹೇಳಲು ಬರೆದದ್ದಂತೆ. ಕಂಬದ ಸುತ್ತ ಕುಣಿಯುವ ಮಕ್ಕಳು. ಇದನ್ನು ಹೇಳಿದಾಗ ಮಗಳು ಆ ಕಾರ್ಡನ್ನು ತನ್ನ ಕೋಣೆಯ ಹತ್ತಿರದ ತುದಿಗೆ ಬದಲಾಯಿಸಿಕೊಂಡಳು.

ಅಡುಗೆಮನೆಯ ಸ್ಟೀಲಿನ ತಟ್ಟೆ ಸ್ಟ್ಯಾಂಡ್ ಒಂದು ಖಾಲಿ ಇತ್ತು. ಅದನ್ನು ಊಟದ ಮೇಜಿಗೆ ತಂದೆ. ತಟ್ಟೆ ನಿಲ್ಲುವ ಸಂದುಗಳಲ್ಲಿ ಹದಿನೆಂಟು ಕಾರ್ಡು ನಿಂತವು. ದಿನಕ್ಕೊಂದು ತೆಗೆದು ಮುಂದಿನ ಸಂದಿನಲ್ಲಿ ಬಿಡಿಸಿ ಇಡುವುದು. ಬೆಳಿಗ್ಗೆ ದೋಸೆ ತಿನ್ನುತ್ತ ಒಬ್ಬರು ಓದಿ ಹೇಳುವುದು. ಮೂರು ದಿನದಿಂದ ನಡೆದಿದೆ. ನನಗೆ ಇದು ತುಂಬ ಇಷ್ಟವಾಯಿತು.

ಶಾಲೆಯ ದಿನಗಳ ಸಂಕ್ರಾಂತಿ ಕಾರ್ಡುಗಳು ಅಂಗೈಗಿಂತ ಚಿಕ್ಕವು. 'ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಿ' ಅಂತ ಅಚ್ಚಾಗಿರುತ್ತಿದ್ದವಲ್ಲ, ಅವೇ. ಕಾಳಿನ ಪೊಟ್ಟಣದ ಜೊತೆ ಗೆಳತಿಯರಿಗೆ ಕೊಡುತ್ತಿದ್ದೆವು. ಅವನ್ನು ಬಿದಿರಿನ ಗೆರಸಿಯ ಹೆಣಿಗೆಯಲ್ಲೇ ಸಿಕ್ಕಿಸಿ ದೇವರ ಕೋಣೆಯ ಹೊರಗೆ ತೂಗುಹಾಕಿದೆ. ಪಿನ್ನೂ ಬೇಡ, ಅಂಟೂ ಬೇಡ.

ಇನ್ನು ಮುಖ್ಯವಾದ ಕಾರ್ಡುಗಳು ಉಳಿದವು. ಒಳಗೆ ತುಂಬ ಬರೆದವು. ಸುಮಾರು ಮೂವತ್ತು.

ಮೊನ್ನೆ ಮಧ್ಯಾಹ್ನ ಅಟ್ಟದ ಕಡೆ ನೋಡುವಾಗ ಫಲಾವಳಿಯ ಚೌಕಟ್ಟು ಕಣ್ಣಿಗೆ ಬಿತ್ತು. ಚೌತಿಯಲ್ಲಿ ಗಣಪತಿಯ ಮೇಲ್ಗಡೆ ಇಳಿಬಿಡುವ ಮರದ ಚೌಕಟ್ಟು. ಉದ್ದಕ್ಕೂ ಅಡ್ಡಕ್ಕೂ ರೀಪು ಹೊಡೆದು ಮಾಡಿದ್ದು. ಅಡಿಕೆ ಗೊನೆ, ಸಿಂಗಾರ, ತೆಂಗಿನಕಾಯಿ, ಮೊಗೆಕಾಯಿ, ಕಾಡಿನ ಕಾಯಿ ಹೂವು ಎಲ್ಲ ಅದಕ್ಕೇ ಕಟ್ಟುತ್ತೇವೆ. ಇಲ್ಲಿ ಕೊಂಕಣಿ ಮಾತಾಡುವವರು ಮಾಟೋಳಿ ಅನ್ನುತ್ತಾರೆ. ಹಬ್ಬ ಮುಗಿದಮೇಲೆ ಮುಂದಿನ ಚೌತಿಯವರೆಗೆ ಅದಕ್ಕೆ ಕೆಲಸವಿಲ್ಲ. ದೇವರ ಸಾಮಾನು, ಕಾರ್ಡಿಗೆ ಬಳಸಬಹುದಾ ಅಂತ ಆಯಿಯನ್ನು ಕೇಳಿದೆ. "ಅದೂ ಪ್ರೀತಿಯಿಂದ ಬಂದದ್ದೇ ಅಲ್ದಾ? ಕಟ್ಟು" ಅಂದಳು.

ನಮ್ಮ ಚೌಕಟ್ಟು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ನಡುಮನೆಯ ಮಾಡಿನ ಕೊಂಡಿಗೆ ನಾಲ್ಕು ಮೂಲೆಯಿಂದ ಹಗ್ಗ ಕಟ್ಟಿದೆವು. ರೀಪಿನಿಂದ ಉದ್ದ ಗಿಡ್ಡ ದಾರಗಳನ್ನು ಇಳಿಬಿಟ್ಟೆ. ಕಾರ್ಡನ್ನು ಮಡಚಿ ದಾರದ ಮೇಲೆ ಕೂರಿಸಲಿಲ್ಲ. ಹಾಗೆ ಮಾಡಿದರೆ ಹಳೇ ಕಾರ್ಡು ಮಡಿಕೆಯಲ್ಲೇ ಹರಿಯುತ್ತದೆ. ಪೂರ್ತಿ ಬಿಡಿಸಿ, ಮೇಲಿನ ಅಂಚಿಗೆ ತೆಂಗಿನ ಗರಿಯ ಕಡ್ಡಿ ಹಿಡಿದು, ಎರಡು ತುದಿಗೆ ಎರಡು ಕ್ಲಿಪ್ಪು ಸಿಕ್ಕಿಸಿ, ಕಡ್ಡಿಯ ನಟ್ಟನಡುವೆ ದಾರ ಕಟ್ಟಿದೆ. ಕ್ಲಿಪ್ಪಿಗೂ ಕಾರ್ಡಿಗೂ ಮಧ್ಯ ಬಿಳಿ ಕಾಗದದ ಚೂರು ಮಡಚಿ ಇಟ್ಟರೆ ಒತ್ತಿದ ಗುರುತು ಬೀಳುವುದಿಲ್ಲ. ಕ್ಲಿಪ್ಪಿನ ಸ್ಪ್ರಿಂಗು ಕಾರವಾರದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅದು ಕಾಗದಕ್ಕೆ ತಾಗದ ಹಾಗೆ ಮರದ ತುದಿಯಲ್ಲಷ್ಟೇ ಹಿಡಿಸಬೇಕು.

ಒಂದೇ ದಾರದಲ್ಲಿ ತೂಗುವುದರಿಂದ ಕಾರ್ಡು ಗಾಳಿಗೆ ನಿಧಾನ ತಿರುಗುತ್ತದೆ. ಒಂದು ಕಡೆ ಚಿತ್ರ. ಇನ್ನೊಂದು ಕಡೆ ಅಕ್ಷರ. ಯಾರೂ ಕೈ ಹಚ್ಚಬೇಕಿಲ್ಲ. ಫ್ಯಾನು ಜೋರು ಹಾಕುವ ಹಾಗಿಲ್ಲ, ಅಷ್ಟೇ. ಸಂಜೆ ಸಮುದ್ರದ ಕಡೆಯಿಂದ ಗಾಳಿ ಬಂದಾಗ ಮೂವತ್ತೂ ಒಟ್ಟಿಗೆ ತಿರುಗಿದವು. ಮಗಳು ಕೆಳಗೆ ಮಲಗಿ ನೋಡಿದಳು. ನಾನೂ ಹೋಗಿ ಅವಳ ಪಕ್ಕ ಮಲಗಿದೆ.

ಪಡುವಣ ಕಿಟಕಿಯಿಂದ ದೂರ ಕಟ್ಟಿದ್ದೇವೆ. ಬಿಸಿಲು ನೇರ ಬಿದ್ದರೆ ಸ್ಕೆಚ್ ಪೆನ್ನು, ಜೆಲ್ ಪೆನ್ನಿನ ಬರಹ ಬೇಗ ಮಾಸುತ್ತದೆ. ಪೆನ್ಸಿಲ್ ಮಾಸುವುದಿಲ್ಲ. ಪ್ರತಿ ಕಾರ್ಡಿನ ಹಿಂದಿನ ಮೂಲೆಯಲ್ಲಿ ಯಾರು ಕಳಿಸಿದ್ದು, ಯಾವ ವರ್ಷ ಅಂತ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದೆ. ವರ್ಷ ಗೊತ್ತಾಗದವಕ್ಕೆ ಲಕೋಟೆಯ ಮುದ್ರೆ ನೋಡಿದೆ. ಮುದ್ರೆ ಅಳಿಸಿದವಕ್ಕೆ ಆಯಿಯ ನೆನಪೇ ಗತಿ. "ಇದು ಕೊಟ್ಟಿಗೆ ಕಟ್ಟಿದ ವರ್ಷದ್ದು" ಅಂತ ಹೇಳುತ್ತಾಳೆ. ಅದನ್ನೇ ಬರೆದುಕೊಂಡೆ.

ಇವೆಲ್ಲ ಜೂನ್ ಬರುವ ತನಕ ಮಾತ್ರ. ರೋಹಿಣಿ ಮಳೆ ಮುಗಿಯುವುದರೊಳಗೆ ಇಳಿಸಿ, ಬಿಸಿಲಲ್ಲಿ ಕಾಯಿಸಿದ ಸ್ಟೀಲ್ ಡಬ್ಬಿ ತಣಿದಮೇಲೆ ಅದರಲ್ಲಿಡುವುದು. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಲಾವಂಚದ ಬೇರು, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ. ಮಧ್ಯೆ ಒಳ್ಳೆ ಬಿಸಿಲು ಬಿದ್ದ ದಿನ ಮುಚ್ಚಳ ತೆಗೆದು ಗಾಳಿಯಾಡಿಸುವುದು. ಹಿಂದೆ ಅಜ್ಜ ಬಂದ ಕಾಗದಗಳನ್ನೆಲ್ಲ ಕೊಕ್ಕೆ ತಂತಿಗೆ ಚುಚ್ಚಿ ಒಲೆಯ ಹತ್ತಿರ ತೂಗುಹಾಕುತ್ತಿದ್ದ. ಹೊಗೆಗೆ ಕಪ್ಪಾದರೂ ಅವು ಬೂಷ್ಟು ಹಿಡಿದದ್ದಿಲ್ಲ. ಒಂದೊಂದರ ನಡುವೆ ತೂತು ಮಾತ್ರ ಇದೆ. ಆ ತೂತಿನಲ್ಲಿ ಹೋದ ಪದ ಯಾವುದು ಅಂತ ಊಹಿಸಿ ಓದಬೇಕು.

ಇವತ್ತು ರಾತ್ರಿ ಊಟವಾದಮೇಲೆ ಆಯಿ ಚೌಕಟ್ಟಿನ ಕೆಳಗೆ ಬಂದು ನಿಂತಳು. ಕಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು. ಹತ್ತಿರ ಇದ್ದರೆ ಓದುತ್ತಾಳೆ. ಅಕ್ಕನ ಒಂದು ದೀಪಾವಳಿ ಕಾರ್ಡು ತಿರುಗುತ್ತಿತ್ತು. ಮದುವೆಯಾದ ಮೊದಲ ವರ್ಷ ಹಬ್ಬಕ್ಕೆ ಬರಲಾಗದೆ ಕಳಿಸಿದ್ದು. ದೀಪದ ಚಿತ್ರ ಬಂತು, ಹೋಯಿತು. ಅಕ್ಷರದ ಕಡೆ ಬಂದಾಗ ಆಯಿ ಕತ್ತು ಎತ್ತಿದಳು. ಓದುವಷ್ಟರಲ್ಲಿ ಮತ್ತೆ ತಿರುಗಿತು.

"ಒಂದು ಗೇಣು ಕೆಳಗೆ ಇಳ್ಸು ತಂಗಿ" ಅಂದಳು.

ಅದೊಂದನ್ನು ಇಳಿಸಿದೆ. ಆಮೇಲೆ ಸ್ಟೂಲಿನ ಮೇಲೆ ನಿಂತು ಉಳಿದ ಇಪ್ಪತ್ತೊಂಬತ್ತರ ಗಂಟನ್ನೂ ಬಿಚ್ಚಿ, ಆಯಿ ಬೆಂಚಿನ ಮೇಲೆ ಕೂತರೆ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಮತ್ತೆ ಕಟ್ಟಿದೆ. ಹನ್ನೊಂದೂವರೆ ಆಯಿತು. ಇದನ್ನು ಬರೆಯುವಾಗ ಅವಳು ಇನ್ನೂ ಅಲ್ಲೇ ಕೂತಿದ್ದಾಳೆ. ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿ, ಬಾಯಲ್ಲಿ ಸಣ್ಣಗೆ ಹೇಳಿಕೊಳ್ಳುತ್ತ ಓದುತ್ತಿದ್ದಾಳೆ.