ಲಂಡನ್‌ನಲ್ಲಿ ಮುಚ್ಚಿಹೋದ ಪಬ್‌ಗಳ ಜಾಡು ಹಿಡಿದು ಒಂದು ದಿನ

ಲಂಡನ್‌ಗೆ ಹೋದವರು ಸೇತುವೆ, ಅರಮನೆ, ಗಡಿಯಾರದ ಗೋಪುರ ನೋಡೇ ನೋಡುತ್ತಾರೆ. ಅದೆಲ್ಲ ಮುಗಿದು ಒಂದು ದಿನ ಕೈಯಲ್ಲಿದ್ದರೆ ಮುಚ್ಚಿಹೋದ ಹಳೇ ಪಬ್‌ಗಳನ್ನು ಹುಡುಕಿಕೊಂಡು ಲಂಡನ್ನಿನ ಪೂರ್ವ ಭಾಗವಾದ ಈಸ್ಟ್ ಎಂಡ್‌ನಲ್ಲಿ ಸುಮ್ನೆ ನಡೆಯಿರಿ. ಕುಡಿಯುವ ಅಭ್ಯಾಸ ಇರಬೇಕು ಅಂತೇನೂ ಇಲ್ಲ. ಒಳ್ಳೆಯ ಶೂ ಬೇಕು, ಅಷ್ಟೇ.

ಆಲ್ಡ್‌ಗೇಟ್ ಈಸ್ಟ್ ಸ್ಟೇಷನ್‌ನಲ್ಲಿ ಇಳಿದು ಬ್ರಿಕ್ ಲೇನ್ ಹಿಡಿಯಿರಿ. ಥ್ರಾಲ್ ಸ್ಟ್ರೀಟ್ ಮೂಲೆಗೆ ಬಂದಾಗ ನಿಂತು ಮೇಲೆ ನೋಡಿ. ಕೆಳಗಿನ ಬೋರ್ಡುಗಳನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಆದರೆ ಮಾಡಿನ ಹತ್ತಿರದ ಗೋಡೆಯಲ್ಲಿ ಎರಡು ಬಾಣಲೆ ಅಡ್ಡಡ್ಡ ಇಟ್ಟ ಕೆತ್ತನೆ, ಜೊತೆಗೆ ‘ಯೀ ಫ್ರೈಯಿಂಗ್ ಪ್ಯಾನ್’ ಅನ್ನೋ ಹೆಸರು ಇನ್ನೂ ಇದೆ. 1888ರ ಜ್ಯಾಕ್ ದಿ ರಿಪ್ಪರ್ ಕೊಲೆಗಳ ಕಥೆಯಲ್ಲಿ ಬರುವ ಪಬ್ ಇದೇ. ಆಮೇಲೆ ಇಲ್ಲಿ ಕರಿ ರೆಸ್ಟೋರೆಂಟ್ ಬಂತು. ಈ ಬೀದಿಗೆ ಇದೇನೂ ಹೊಸದಲ್ಲ ಬಿಡಿ: ಸ್ವಲ್ಪ ಮುಂದಿರುವ ಮಸೀದಿಯನ್ನು 1743ರಲ್ಲಿ ಕಟ್ಟಿದ್ದು ಫ್ರೆಂಚ್ ಪ್ರಾಟೆಸ್ಟೆಂಟರ ಚರ್ಚ್ ಆಗಿ, ನಂತರ ಅದು ಯಹೂದಿಗಳ ಪ್ರಾರ್ಥನಾ ಮಂದಿರ (ಸಿನಗಾಗ್) ಆಯಿತು, 1976ರಲ್ಲಿ ಮಸೀದಿ ಆಯಿತು.

ಹಳೇ ಪಬ್ ಗುರುತಿಸೋದು ಕಷ್ಟವಲ್ಲ. ಬೀದಿಯ ಮೂಲೆಗೆ ಮುಖ ಮಾಡಿದ ಬಾಗಿಲು, ನೆಲಮಹಡಿಗೆ ಮಾತ್ರ ಮಿರುಗುವ ಟೈಲ್ಸ್, ಬೋರ್ಡೇ ಇಲ್ಲದೆ ಚಾಚಿಕೊಂಡಿರುವ ಕಬ್ಬಿಣದ ತೋಳು. ಫುಟ್‌ಪಾತ್‌ನಲ್ಲಿ ಎರಡು ಹಲಗೆಯ ಮುಚ್ಚಳ ಕಂಡರೆ ಅನುಮಾನವೇ ಬೇಡ, ಬಿಯರ್ ಪೀಪಾಯಿಗಳನ್ನು ನೆಲಮಾಳಿಗೆಗೆ ಇಳಿಸುತ್ತಿದ್ದ ಜಾಗ ಅದು. ಮೇಲಿನ ಮಹಡಿ ಈಗ ಫ್ಲ್ಯಾಟ್ ಆಗಿದ್ದರೆ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ, ಜನ ಒಳಗೆ ವಾಸ ಇದ್ದಾರೆ.

ಇಷ್ಟೊಂದು ಪಬ್ ಯಾಕೆ ಮುಚ್ಚಿದವು? 2007ರ ಜುಲೈನಲ್ಲಿ ಒಳಗೆ ಸಿಗರೇಟು ಸೇದಬಾರದು ಅನ್ನೋ ಕಾನೂನು ಬಂದದ್ದು, ಸೂಪರ್‌ಮಾರ್ಕೆಟ್‌ನ ಅಗ್ಗದ ಬಿಯರ್, ಎಲ್ಲವೂ ಸೇರಿತು. ಲಂಡನ್‌ನಲ್ಲಿ ಮಾತ್ರ ಜಾಸ್ತಿ ಪೆಟ್ಟು ಕೊಟ್ಟಿದ್ದು ಜಾಗದ ಬೆಲೆ ಅಂತ ನನಗನ್ನಿಸುತ್ತದೆ. ಪಬ್ ನಡೆಸುವುದಕ್ಕಿಂತ ಅದನ್ನು ಫ್ಲ್ಯಾಟ್ ಮಾಡಿದರೆ ಲಾಭ. 2017ರ ಮೇ ತಿಂಗಳಿಂದ ಇಂಗ್ಲೆಂಡ್‌ನಲ್ಲಿ ಪಬ್ ಕೆಡವಲು ಅಥವಾ ಬೇರೆ ಬಳಕೆಗೆ ಬದಲಿಸಲು ಪ್ಲ್ಯಾನಿಂಗ್ ಅನುಮತಿ ಬೇಕೇ ಬೇಕು.

ಬ್ರಿಕ್ ಲೇನ್ ದಾಟಿ ಬೆತ್ನಲ್ ಗ್ರೀನ್ ರೋಡ್‌ನಲ್ಲಿ ನೇವ್ ಆಫ್ ಕ್ಲಬ್ಸ್ ನೋಡಿ. ಎಷ್ಟೋ ವರ್ಷ ಲೆ ತ್ರುವಾ ಗಾರ್ಸೋಂ ಅನ್ನೋ ಫ್ರೆಂಚ್ ರೆಸ್ಟೋರೆಂಟ್ ಆಗಿದ್ದದ್ದು ಈಗ ಮತ್ತೆ ಪಬ್. ಅಲ್ಲಿಂದ ಹಾಕ್ಸ್‌ಟನ್ ಸ್ಟೇಷನ್ ಕಡೆ ನಡೆದರೆ ಮ್ಯೂಸಿಯಂ ಆಫ್ ದಿ ಹೋಮ್. ಪಕ್ಕದ ಮಾರ್ಕ್ವಿಸ್ ಆಫ್ ಲ್ಯಾನ್ಸ್‌ಡೌನ್ ಪಬ್ಬನ್ನು ಕೆಡವಿ ಜಾಗ ವಿಸ್ತರಿಸಲು ಈ ಮ್ಯೂಸಿಯಮ್ಮೇ ಹೊರಟಿತ್ತು. 2013ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ, ಹ್ಯಾಕ್ನಿ ಕೌನ್ಸಿಲ್, ಒಪ್ಪಲಿಲ್ಲ. ಈಗ ಅದೇ ಕಟ್ಟಡ ಮ್ಯೂಸಿಯಂನ ಕೆಫೆ! ಕಾಫಿಗೆ ಇಲ್ಲೇ ಕೂರಿ. ಮ್ಯೂಸಿಯಂ ಪ್ರವೇಶ ಉಚಿತ, ಟಾಯ್ಲೆಟ್ ಚಿಂತೆಯೂ ಇಲ್ಲ, ಆದರೆ ಸೋಮವಾರ ರಜೆ. ಭಾನುವಾರ ಬ್ರಿಕ್ ಲೇನ್ ಸಂತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಹಾಗಾಗಿ ಮಂಗಳವಾರದಿಂದ ಶುಕ್ರವಾರದೊಳಗೆ ಹೋಗೋದು ವಾಸಿ.

ಕೊನೆಯದು ದೂರ, ಆದರೂ ಬಿಡಬೇಡಿ. ಲಿವರ್‌ಪೂಲ್ ಸ್ಟ್ರೀಟ್‌ನಿಂದ ಸೆಂಟ್ರಲ್ ಲೈನ್, ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಬೇಕರ್ಲೂ ಲೈನ್‌ಗೆ ಬದಲಿಸಿ ಕಿಲ್ಬರ್ನ್ ಪಾರ್ಕ್‌ನಲ್ಲಿ ಇಳಿಯಿರಿ. ಸ್ವಲ್ಪ ನಡೆದರೆ ಕಾರ್ಲ್‌ಟನ್ ಟ್ಯಾವರ್ನ್. 1920ರ ದಶಕದ ಆರಂಭದ ಈ ಪಬ್ಬನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸುವ ಮಾತು ನಡೆಯುತ್ತಿದ್ದಾಗಲೇ, 2015ರ ಏಪ್ರಿಲ್‌ನಲ್ಲಿ ಮಾಲೀಕ ಕಂಪನಿ ಅನುಮತಿ ಇಲ್ಲದೆ ಬುಲ್ಡೋಜರ್ ಹರಿಸಿತು. ಸುತ್ತಲಿನ ಜನ ಸುಮ್ಮನಿರಲಿಲ್ಲ. ಇದ್ದ ಹಾಗೇ ಇಟ್ಟಿಗೆ ಇಟ್ಟಿಗೆ ಸೇರಿಸಿ ಮತ್ತೆ ಕಟ್ಟಬೇಕು ಅಂತ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಆದೇಶ ಮಾಡಿತು, ಕಂಪನಿ ಮೇಲ್ಮನವಿ ಹಾಕಿ ಸೋತಿತು, 2021ರ ಏಪ್ರಿಲ್‌ನಲ್ಲಿ ಪಬ್ ಬಾಗಿಲು ತೆರೆಯಿತು. ಅವಶೇಷದಲ್ಲಿ ಸಿಕ್ಕಿದ ಹಳೇ ತುಂಡುಗಳನ್ನೂ ಮತ್ತೆ ಬಳಸಿದ್ದಾರೆ. ಒಂದು ಜ್ಯೂಸ್ ತಗೊಂಡು ಯಾವುದು ಹಳೆಯದು, ಯಾವುದು ಹೊಸದು ಅಂತ ಹುಡುಕಿ, ಗೊತ್ತಾಗದಿದ್ದರೆ ಬಾರ್‌ನಲ್ಲಿ ಕೇಳಿ. ಊಟ ಮಾಡುವುದಾದರೆ ಅಡುಗೆಮನೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಅಂತ ಮೊದಲೇ ನೋಡಿಕೊಳ್ಳಿ.