ಅಟ್ಟದಿಂದ ಇಳಿದ 486: ಆರು ಬೀಪಿನಿಂದ ಅರ್ಕಾವೊತ್ತಿನವರೆಗೆ

ಮೇ 18

ಸಾಗರದ ಸೋದರಮಾವನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಅಟ್ಟ ಖಾಲಿ ಮಾಡುತ್ತಿದ್ದರು. ಅಡಿಕೆ ಚೀಲಗಳ ಹಿಂದೆ ಕಂಬಳಿಯಲ್ಲಿ ಸುತ್ತಿಟ್ಟಿದ್ದ ಪ್ರೆಸ್ಸಿನ ಕಂಪ್ಯೂಟರ್ ಸಿಕ್ಕಿತು. ಅಚ್ಚುಮೊಳೆ ಜೋಡಿಸುತ್ತಿದ್ದ ಮಾವ 1995ರಲ್ಲಿ ಸಾಲ ಮಾಡಿ ಕೊಂಡ ಯಂತ್ರ ಅದು. ಊರಿನ ಎಷ್ಟೋ ಲಗ್ನಪತ್ರಿಕೆಗಳು, ವೈಕುಂಠ ಸಮಾರಾಧನೆಯ ಕಾರ್ಡುಗಳು, ಯಕ್ಷಗಾನದ ಕರಪತ್ರಗಳು ಅದರೊಳಗೇ ಹುಟ್ಟಿದವು. "ಗುಜರಿಗೆ ಹಾಕಬೇಕೆಂದಿದ್ದೆ, ನಿನಗೆ ಬೇಕಾದರೆ ತೆಗೆದುಕೊಂಡು ಹೋಗು" ಎಂದರು ಮಾವ. ಮಾನಿಟರನ್ನು ಅಲ್ಲೇ ಬಿಟ್ಟು, ಡಬ್ಬ ಮತ್ತು ಕೀಬೋರ್ಡನ್ನು ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬೆಂಗಳೂರಿಗೆ ತಂದೆ.

ಇದಕ್ಕೂ ಮೊದಲು ನಾನು ಎರಡು ಪೆಂಟಿಯಂ ಯಂತ್ರಗಳನ್ನು ಸರಿಪಡಿಸಿದ್ದೇನೆ. ಅವು ಆಟಕ್ಕೆ. ಇದರ ಗುರಿ ಬೇರೆ. ಮಾವ ಮಾಡಿಟ್ಟ ಪುಟಗಳು, ಅವರು ಮಾಡಿದ್ದ ಹಾಗೆಯೇ, ಇದೇ ಯಂತ್ರದಲ್ಲಿ ತೆರೆಯಬೇಕು. ಅಲ್ಲಿಯವರೆಗೆ ಕೆಲಸ ಮುಗಿಯಿತು ಎನ್ನುವಂತಿಲ್ಲ.

ಮೇ 21

ಮುಚ್ಚಳ ತೆಗೆದೆ. ಇಂಟೆಲ್ 486ಡಿಎಕ್ಸ್2 ಪ್ರೊಸೆಸರ್, 66 ಮೆಗಾಹರ್ಟ್ಸ್. ಎಂಟು ಎಂಬಿ ರ್‍ಯಾಮ್, 420 ಎಂಬಿ ಹಾರ್ಡ್‌ಡಿಸ್ಕ್, ವೆಸಾ ಲೋಕಲ್ ಬಸ್‌ನ ಉದ್ದನೆಯ ಡಿಸ್‌ಪ್ಲೇ ಕಾರ್ಡ್. ಪವರ್ ಸಪ್ಲೈ ಮೇಲೆ ಇರುವೆ ಗೂಡಿನ ಮಣ್ಣು. ಒಳಗೆಲ್ಲ ಅಡಿಕೆ ಸಿಪ್ಪೆಯ ವಾಸನೆ.

ಹೆದರಿದ್ದು ನಿಜವಾಗಿತ್ತು. ಮದರ್‌ಬೋರ್ಡಿನ ಮೂಲೆಯಲ್ಲಿ, ಕೀಬೋರ್ಡ್ ಸಿಕ್ಕಿಸುವ ಜಾಗದ ಪಕ್ಕ, ಪೀಪಾಯಿ ಆಕಾರದ 3.6 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಒಡೆದು ಸೋರಿತ್ತು. ಗಡಿಯಾರ ಮತ್ತು ಸೆಟಪ್ ನೆನಪಿಡಲೆಂದು ಇಟ್ಟ ಈ ಬ್ಯಾಟರಿ ಆ ಕಾಲದ ಎಷ್ಟು ಬೋರ್ಡುಗಳನ್ನು ತಿಂದಿದೆಯೋ! ಸುತ್ತ ಎರಡು ಅಂಗುಲದಷ್ಟು ಜಾಗದಲ್ಲಿ ತಾಮ್ರದ ಗೆರೆಗಳು ಪಾಚಿ ಹಿಡಿದ ಅಂಗಳದಂತೆ ಹಸಿರಾಗಿದ್ದವು. ಹಳೆಯ ಕಂಪ್ಯೂಟರ್ ಮನೆಯಲ್ಲಿ ಇಟ್ಟುಕೊಂಡವರು ಬೇರೇನೂ ಮಾಡದಿದ್ದರೂ ಸರಿ, ಇವತ್ತೇ ಮುಚ್ಚಳ ತೆಗೆದು ಈ ಬ್ಯಾಟರಿಯ ಕಾಲುಗಳನ್ನು ಕತ್ತರಿಸಿ ಅದನ್ನು ಬೋರ್ಡಿನಿಂದ ಹೊರತೆಗೆಯಿರಿ.

ಸೋರಿದ ದ್ರವ ಕ್ಷಾರ. ಅದಕ್ಕೆ ವಿನೆಗರ್ ಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೊರೆ ನಿಂತ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡು ದಿನ ಒಣಗಲು ಬಿಟ್ಟೆ.

ಮೇ 25

ಪವರ್ ಸಪ್ಲೈ. ಎಟಿ ಮಾದರಿಯ ಡಬ್ಬಗಳಲ್ಲಿ ಮುಂದಿನ ಸ್ವಿಚ್ಚಿನವರೆಗೂ 230 ವೋಲ್ಟ್ ನೇರವಾಗಿ ಬರುತ್ತದೆ. ಹಾಗಾಗಿ ಆ ವೈರುಗಳ ತುದಿಗೆ ಹೊಸ ಇನ್ಸುಲೇಷನ್ ತೊಡಿಸುವವರೆಗೆ ಪ್ಲಗ್ ಸಿಕ್ಕಿಸಲಿಲ್ಲ. ಲೋಡ್ (ಕರೆಂಟ್ ಎಳೆಯುವ ಉಪಕರಣ) ಇಲ್ಲದೆ ಇಂಥ ಸಪ್ಲೈ ಸರಿಯಾಗಿ ನಿಲ್ಲುವುದಿಲ್ಲ. ಕೆಟ್ಟ ಹಾರ್ಡ್‌ಡಿಸ್ಕ್ ಒಂದನ್ನು ಅದಕ್ಕೆಂದೇ ಇಟ್ಟುಕೊಂಡಿದ್ದೇನೆ. ಐದು ವೋಲ್ಟಿನ ಗೆರೆ 5.04, ಹನ್ನೆರಡರದ್ದು 11.8. ಫ್ಯಾನ್ ಮಾತ್ರ ಬದಲಿಸಿದೆ.

ಮದರ್‌ಬೋರ್ಡಿಗೆ ಹೋಗುವ ಎರಡು ಕನೆಕ್ಟರುಗಳನ್ನು ಅದಲುಬದಲು ಹಾಕಿದರೆ ಬೋರ್ಡು ಸುಟ್ಟುಹೋಗುತ್ತದೆ. ಕಪ್ಪು ವೈರುಗಳೆಲ್ಲ ನಡುವೆ ಒಂದೆಡೆ ಸೇರಿರಬೇಕು. ಮೂರು ಸಲ ನೋಡಿ ಸ್ವಿಚ್ ಒತ್ತಿದೆ.

ಆರು ಬೀಪ್. ಪರದೆ ಕಪ್ಪು.

ಮೇ 26ರಿಂದ ಜೂನ್ 8

ಈ ಆರು ಬೀಪಿನ ಹಿಂದೆ ಎರಡು ವಾರ ಹೋಯಿತು. ಒಂದು ದಿನವೂ ಬೇಸರವಾಗಲಿಲ್ಲ.

ಆನ್ ಆದೊಡನೆ ಯಂತ್ರವನ್ನು ಪರೀಕ್ಷಿಸುವ ಬೋರ್ಡಿನ ಪ್ರೋಗ್ರಾಮ್, ಎಎಂಐ ಬಯಾಸ್‌ನ ಭಾಷೆಯಲ್ಲಿ ಆರು ಬೀಪ್ ಎಂದರೆ ಗೇಟ್ ಎ20 ಕೈಕೊಟ್ಟಿದೆ ಎಂದರ್ಥ. ಇದೊಂದು ಸೊಗಸಾದ ಕಥೆ. ಮೊದಲ ಪಿಸಿಯ 8088 ಪ್ರೊಸೆಸರ್‌ಗೆ ಇದ್ದದ್ದು 20 ವಿಳಾಸದ ಗೆರೆಗಳು, ಅಂದರೆ ಮೆಮೊರಿಯ ಜಾಗ ಗುರುತಿಸುವ ತಂತಿಗಳು. ಒಂದು ಎಂಬಿ ದಾಟಿದ ವಿಳಾಸ ಸುತ್ತು ಹೊಡೆದು ಸೊನ್ನೆಯ ಕಡೆಗೇ ಮರಳುತ್ತಿತ್ತು. ಕೆಲವು ಪ್ರೋಗ್ರಾಮುಗಳು ಅದನ್ನೇ ನೆಚ್ಚಿಕೊಂಡು ಬರೆಯಲ್ಪಟ್ಟಿದ್ದವು. 1984ರಲ್ಲಿ ಐಬಿಎಂ ತನ್ನ ಪಿಸಿ ಎಟಿ ತಂದಾಗ ಅದರ 286ಕ್ಕೆ 24 ಗೆರೆಗಳಿದ್ದವು, ಸುತ್ತು ಹೊಡೆಯುವುದು ನಿಂತಿತು. ಹಳೆಯ ಪ್ರೋಗ್ರಾಮುಗಳು ಕೆಡಬಾರದಲ್ಲ? ಇಪ್ಪತ್ತೊಂದನೆಯ ಗೆರೆಯನ್ನು ಬೇಕೆಂದಾಗ ಮುಚ್ಚಿ ತೆರೆಯಲು ಒಂದು ಬಾಗಿಲು ಇಟ್ಟರು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅದರ ಹೆಸರು ಎ20. ಬಾಗಿಲ ಕೀಲಿ ಕೊಡಲು ಅವರಿಗೆ ಕಂಡದ್ದು ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನಲ್ಲಿ ಖಾಲಿ ಉಳಿದಿದ್ದ ಪಿನ್. ಹೀಗೆ, ಕೀಲಿ ಒತ್ತಿದ್ದನ್ನು ಓದಬೇಕಾದ ಪುಟ್ಟ ಚಿಪ್ಪು ಇಡೀ ಯಂತ್ರದ ಮೆಮೊರಿಗೆ ಬಾಗಿಲು ಕಾಯುವಂತಾಯಿತು. ಹತ್ತು ವರ್ಷಗಳ ನಂತರ ತಯಾರಾದ ಮಾವನ ಬೋರ್ಡಿನಲ್ಲಿಯೂ ಅದೇ ಪದ್ಧತಿ.

ಆ ಚಿಪ್ಪು ಕೂತಿದ್ದದ್ದು ಬ್ಯಾಟರಿಯ ಪಕ್ಕದಲ್ಲೇ.

ಸಾಕೆಟ್ಟಿನಿಂದ ಚಿಪ್ ಕಿತ್ತು, 22ನೆಯ ಪಿನ್‌ಗೆ ಮೀಟರ್ ಹಿಡಿದು ಗೆರೆಯನ್ನು ಹಿಂಬಾಲಿಸಿದೆ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಪೂರ್ತಿ ಇರುವಂತೆಯೇ ಕಾಣುತ್ತಿತ್ತು. ಮೀಟರ್ ಮಾತ್ರ ಸದ್ದು ಮಾಡಲಿಲ್ಲ. ಬ್ಲೇಡಿನ ತುದಿಯಿಂದ ಹಸಿರು ಲೇಪವನ್ನು ಕೆರೆದಾಗ ಕೆಳಗೆ ತಾಮ್ರವೇ ಇರಲಿಲ್ಲ, ಕಪ್ಪು ಪುಡಿ ಅಷ್ಟೇ. ಅಕ್ಕಿಕಾಳಿನ ಉದ್ದದಷ್ಟು ಜಾಗ. ಎನಾಮೆಲ್ ಲೇಪದ ತೆಳು ತಂತಿಯನ್ನು ಎರಡೂ ತುದಿಗೆ ಬೆಸೆದೆ. ಅದೇ ಕೈಯಲ್ಲಿ ಸುತ್ತಲಿನ ಇನ್ನೂ ನಾಲ್ಕು ಗೆರೆಗಳಿಗೆ ಹೀಗೆಯೇ ಸೇತುವೆ ಕಟ್ಟಿದೆ. ಸಾಕೆಟ್ಟಿನ ಎರಡು ಪಿನ್‌ಗಳು ತುಕ್ಕು ತಿಂದು ಮುರಿದಿದ್ದರಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಿಂದ 40 ಪಿನ್ನಿನ ಹೊಸ ಸಾಕೆಟ್ ತಂದು ಹಾಕಿದೆ. ಹತ್ತಾರು ಅಂಗಡಿಗಳಲ್ಲಿ "ಅದೆಲ್ಲ ಈಗ ಬರುವುದಿಲ್ಲ" ಎಂದರು. ಕೊನೆಗೆ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯ ಹಿರಿಯರೊಬ್ಬರು ಬಿಸ್ಕತ್ ಡಬ್ಬದಿಂದ ಹುಡುಕಿ ಕೊಟ್ಟರು.

ಬ್ಯಾಟರಿಯ ಜಾಗಕ್ಕೆ ಮೂರು ವೋಲ್ಟಿನ ಲಿಥಿಯಂ ಬಿಲ್ಲೆ ಬಂತು. ಜೊತೆಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಶಾಟ್ಕಿ ಡಯೋಡ್ ಕಡ್ಡಾಯ. ಹಳೆಯ ಬ್ಯಾಟರಿ ಚಾರ್ಜ್ ಆಗುವಂಥದ್ದು, ಬೋರ್ಡು ಅದಕ್ಕೆ ಕರೆಂಟ್ ಕಳಿಸುತ್ತಲೇ ಇರುತ್ತದೆ. ಬಿಲ್ಲೆಗೆ ಹಾಗೆ ಕಳಿಸಿದರೆ ಅದು ಉಬ್ಬಿ ಒಡೆಯಬಹುದು.

ಜೂನ್ 8ರ ರಾತ್ರಿ ಹನ್ನೊಂದಕ್ಕೆ ಒಂದೇ ಒಂದು ಬೀಪ್. ಪರದೆಯ ಮೇಲೆ ಮೆಮೊರಿ ಎಣಿಕೆ ಓಡತೊಡಗಿತು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಆಫ್ ಮಾಡಿ ಆನ್ ಮಾಡಿದೆ, ಆ ಎಣಿಕೆಯನ್ನು ಇನ್ನೊಮ್ಮೆ ನೋಡುವುದಕ್ಕೆ.

ಜೂನ್ 15

ಹಾರ್ಡ್‌ಡಿಸ್ಕನ್ನು ಇದೇ ಯಂತ್ರದಲ್ಲಿ ತಿರುಗಿಸುವ ಧೈರ್ಯ ಮಾಡಲಿಲ್ಲ. ಮೊದಲು ಪ್ರತಿ ತೆಗೆಯಬೇಕು, ಉಳಿದದ್ದೆಲ್ಲ ಆಮೇಲೆ. ನನ್ನ ಯುಎಸ್‌ಬಿ ಅಡಾಪ್ಟರ್ ಇಷ್ಟು ಹಳೆಯ ಡಿಸ್ಕನ್ನು ಗುರುತಿಸಲೇ ಇಲ್ಲ. ಹಳೆಯ ಡಿಸ್ಕಿಗೆ ಬೇಕಾದ ಐಡಿಇ ಪೋರ್ಟ್ ಇರುವ ಪೆಂಟಿಯಂ 3ಕ್ಕೆ ಸಿಕ್ಕಿಸಿ, ಲಿನಕ್ಸ್‌ನಲ್ಲಿ ಕೆಟ್ಟ ಡಿಸ್ಕಿನಿಂದ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಓಡಿಸಿದೆ. ಸರಾಗವಾಗಿ ಓದಲು ಸಿಗುವುದನ್ನು ಮೊದಲು ಎತ್ತಿಕೊಂಡು, ಮೊಂಡು ಹಿಡಿದ ಜಾಗಗಳಿಗೆ ಕೊನೆಯಲ್ಲಿ ಮರಳುವುದು ಅದರ ಕ್ರಮ. ಡಿಸ್ಕು ಆಗಾಗ ಕಟಕಟ ಎಂದಾಗಲೆಲ್ಲ ನನ್ನ ಎದೆಯೂ ಹಾಗೇ ಎನ್ನುತ್ತಿತ್ತು. ಬೆಳಗಿನ ಹೊತ್ತಿಗೆ 11 ಸೆಕ್ಟರ್ (ಡಿಸ್ಕಿನ ಪುಟ್ಟ ತುಂಡು) ಬಿಟ್ಟು ಎಲ್ಲವೂ ಬಂದಿತ್ತು.

ಜೂನ್ 29

ಮೆಮೊರಿ 32 ಎಂಬಿಗೆ ಏರಿತು: 72 ಪಿನ್ನಿನ 16 ಎಂಬಿಯ ಎರಡು ಪಟ್ಟಿ. ಮೊದಲು ತರಿಸಿದ ಜೋಡಿಯಲ್ಲಿ ಒಂದು ಕೆಟ್ಟಿತ್ತು, ಮಾರಿದವರು ಬದಲಿಸಿ ಕೊಟ್ಟರು.

ಡಿಸ್ಕಿನ ಬದಲಿಗೆ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕಿದ್ದೇನೆ. ಈ ಬಯಾಸ್‌ಗೆ ಡಿಸ್ಕಿನ ಜಾಗ ಅಳೆಯುವ ಲೆಕ್ಕದಲ್ಲಿ ಕಾಣುವುದು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಮಾತ್ರ. ಪ್ರತಿ ಸೆಕ್ಟರಿಗೆ 512 ಬೈಟ್‌ನಂತೆ ಗುಣಿಸಿದರೆ 52 ಕೋಟಿ 84 ಲಕ್ಷ ಚಿಲ್ಲರೆ ಬೈಟ್. 512 ಎಂಬಿಯೆಂದು ಮಾರುವ ಕಾರ್ಡುಗಳಲ್ಲಿ ನಿಜಕ್ಕೂ ಇರುವುದು 51 ಕೋಟಿ ಆಸುಪಾಸು, ಹಾಗಾಗಿ ಮಿತಿಯೊಳಗೆ ಸರಿಯಾಗಿ ಕೂರುತ್ತದೆ. ಡಿಸ್ಕಿನ ಪ್ರತಿಯನ್ನು ಹಾಗೆಯೇ ಸುರಿದಾಗ ಬೂಟ್ ಆಗಲಿಲ್ಲ. ಎರಡರ ಸಿಲಿಂಡರ್-ಹೆಡ್ ಲೆಕ್ಕ ಬೇರೆ. ಹೊಸದಾಗಿ ಪಾರ್ಟಿಷನ್ ಮಾಡಿ, ಕಡತಗಳನ್ನು ಒಂದೊಂದಾಗಿ ನಕಲಿಸಿದ ಮೇಲೆ ವಿಂಡೋಸ್ 95ರ ಮೋಡಗಳು ಕಾಣಿಸಿದವು.

ಪ್ರೊಸೆಸರ್ ಬದಲಿಸುವುದಿಲ್ಲ. ಇನ್ನೂ ವೇಗದ ಡಿಎಕ್ಸ್4 ಹಾಕಬಹುದಿತ್ತು, ಆದರೆ ಅದಕ್ಕೆ ಈ ಬೋರ್ಡು ಕೊಡುವ ಐದು ವೋಲ್ಟ್ ಹೆಚ್ಚು, ನಡುವೆ ಅಡಾಪ್ಟರ್ ಬೇಕು. ಈ ಯಂತ್ರ ಮಾಡಬೇಕಾದ ಕೆಲಸಕ್ಕೆ 66 ಸಾಕು.

ಡಬ್ಬದ ಹಳದಿಯನ್ನೂ ಮುಟ್ಟುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ, ಪೆಂಟಿಯಂಗೆ ಮಾಡಿದ್ದೆ. ಇಲ್ಲಿ ಮನಸ್ಸು ಬರಲಿಲ್ಲ. ಕೀಬೋರ್ಡಿನ ಕೀಲಿಗಳ ಮೇಲೆ ಮಾವ ಬಿಳಿ ಕಾಗದದ ಚೂರು ಅಂಟಿಸಿ, ಶಾಯಿಯಲ್ಲಿ ಕ, ಗ, ತ, ದ ಎಂದು ಬರೆದಿದ್ದಾರೆ. ಕೆ.ಪಿ. ರಾಯರ ವಿನ್ಯಾಸದ ಕೀಲಿಮಣೆ. ಹೆಚ್ಚು ಒತ್ತಿದ ಅಕ್ಷರಗಳ ಕಾಗದ ಸವೆದು ಬೆರಳಿನ ಆಕಾರಕ್ಕೆ ಗುಳಿಬಿದ್ದಿದೆ. ಕೀಲಿಗಳ ನಡುವಿನ ಧೂಳನ್ನು ಮಾತ್ರ ತೆಗೆದೆ.

ಜುಲೈ 6

ಕಡತಗಳು. 1998ರಲ್ಲಿ ಬಂದ ಬರಹ ತಂತ್ರಾಂಶವನ್ನೂ ಆನಂತರ ಕನ್ನಡ ಗಣಕ ಪರಿಷತ್ತಿನ ನುಡಿಯನ್ನೂ ಮಾವ ಇದರಲ್ಲಿ ಬಳಸಿದ್ದಾರೆ. ನುಡಿಯಲ್ಲಿ ಮಾಡಿದ ಪುಟವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ 'ಕನ್ನಡ' ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಅಕ್ಷರವೊಂದು, ಸಣ್ಣ ಕ್ಯೂ, ಕೊನೆಗೆ ಮತ್ತೆ ಅದೇ ಎ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮ ಅಕ್ಷರಗಳು ಬೇರೆಯವರ ಸಂಖ್ಯೆಗಳಲ್ಲಿ ಬಾಡಿಗೆಗೆ ಇದ್ದವು. ತಲೆಕಟ್ಟು, ಒತ್ತು, ಗುಡಿಸು ಎಲ್ಲವೂ ಬಿಡಿ ಚೂರುಗಳು. ಅವನ್ನು ಸೇರಿಸಿ ಕನ್ನಡವಾಗಿಸುತ್ತಿದ್ದದ್ದು ಫಾಂಟ್. ಪರಿವರ್ತಕಗಳಿಂದ ಪಠ್ಯ ಸಿಗುತ್ತದೆ, ಮಾವ ಕೂರಿಸಿದ ಪುಟ ಸಿಗುವುದಿಲ್ಲ.

486ರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ತೆರೆಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. 2002ರ ಲಗ್ನಪತ್ರಿಕೆಯೊಂದು ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಮೂಡಿತು. ಗಣಪತಿ, ಬಾಳೆಕಂಬ, 'ಶ್ರೀ ಲಕ್ಷ್ಮೀವೆಂಕಟೇಶ ಪ್ರಸನ್ನ'. ಒಂದೇ ದೋಷ: ಅರ್ಕಾವೊತ್ತು ತನ್ನ ಜಾಗ ಬಿಟ್ಟು ಮುಂದಿನ ಅಕ್ಷರದ ಮೇಲೆ ಏರಿ ಕೂತಿತ್ತು. ಡಿಸ್‌ಪ್ಲೇ ಕಾರ್ಡಿನ ಮೆಮೊರಿ ಕೆಟ್ಟಿದೆಯೆಂದು ಚಿಪ್ಪುಗಳನ್ನು ಬದಲಿಸಿದೆ, ಡ್ರೈವರ್ ಬದಲಿಸಿದೆ, ಫಾಂಟನ್ನು ಮತ್ತೆ ಹಾಕಿದೆ. ಒಂದು ವಾರ.

ಜುಲೈ 14

ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬಂದ ಮಾವನನ್ನು ಯಂತ್ರದ ಮುಂದೆ ಕೂರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಪರದೆ ನೋಡಿದರು. ಅರ್ಕಾವೊತ್ತಿನ ಕಡೆ ಬೆರಳು ತೋರಿಸಿ ನನ್ನ ಪರದಾಟ ಹೇಳಿದೆ.

"ಅದು ಮೊದಲಿನಿಂದಲೂ ಹಾಗೇ. ಪರದೆಯಲ್ಲಿ ಮುಂದಕ್ಕೆ ಬೀಳುತ್ತದೆ, ಕಾಗದದಲ್ಲಿ ಸರಿಯಾಗಿ ಬರುತ್ತದೆ. ಪ್ರಿಂಟ್ ತೆಗೆದು ನೋಡು" ಎಂದರು.

ಲೇಸರ್ ಪ್ರಿಂಟರ್ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿ ತೆಗೆದೆವು. ಸರಿಯಾಗಿಯೇ ಬಂತು.

ಉಳಿದಿರುವುದು: ಓದಲು ಬಾರದ ಆ 11 ಸೆಕ್ಟರುಗಳಲ್ಲಿ ಸಿಕ್ಕಿಕೊಂಡ ಎರಡು ಕಡತಗಳು, ಮತ್ತು ಬೂಷ್ಟು ಹಿಡಿದ 40 ಫ್ಲಾಪಿಗಳು. ಮಲೆನಾಡಿನ ತೇವ ತಟ್ಟೆಗಳ ಮೇಲೆ ಬಿಳಿ ಚುಕ್ಕೆ ಎಬ್ಬಿಸಿದೆ. ಒಂದೊಂದನ್ನೂ ಕವಚದಿಂದ ಬಿಡಿಸಿ, ಆಲ್ಕೋಹಾಲ್‌ನಲ್ಲಿ ಒರೆಸಿ, ಬೇರೆ ಕವಚಕ್ಕೆ ಹಾಕಿ ಓದಬೇಕು. ಮುಂದಿನ ಭಾನುವಾರ ಮೊದಲ ಐದು.